ಶಾಲು ಹೊದಿಸಿದ ಮೇಲೆ

ವಿಶ್ವವಿದ್ಯಾಲಯಕ್ಕೆ ವಿದೇಶಿ ವಿದ್ವಾಂಸರು ಬಂದಿದ್ದಾರೆ ಅನ್ನುವುದು ಹಾರದ ಬುಟ್ಟಿ ಕಂಡಾಗಲೇ ಗೊತ್ತಾಗುತ್ತದೆ. ಮೈಸೂರು ಪೇಟ, ಶಾಲು, ಹಣ್ಣಿನ ತಟ್ಟೆ, ಕುಲಪತಿಗಳ ಭಾಷಣ, ಒಡಂಬಡಿಕೆಗೆ ಸಹಿ, ಗ್ರೂಪ್ ಫೋಟೋ. ಆ ಪೇಟ ಯಾರ ತಲೆಗೂ ಸರಿಯಾಗಿ ಕೂರುವುದಿಲ್ಲ. ಅದು ಬೇರೆ ಮಾತು. ಆಮೇಲೆ? ನಿಶ್ಚಿತಾರ್ಥವಾಗಿ ಮುಹೂರ್ತವೇ ಸಿಗದ ಜೋಡಿಗಳ ಹಾಗೆ ಎಷ್ಟೋ ಒಡಂಬಡಿಕೆಗಳು ಕಪಾಟಿನಲ್ಲಿ ಕೂತಿರುತ್ತವೆ. ಸಹಿ ಹಾಕಿದವರು ಯಾರೆಂದು ಕೇಳುವ ಬದಲು, ಬಂದವರು ಎಷ್ಟು ಕಾಲ ಉಳಿದರು ಎಂದು ಕೇಳಬೇಕು ಅನ್ನುವುದು ನನ್ನ ತಕರಾರು.

ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ತಗೊಳ್ಳಿ. 1935ರಲ್ಲಿ ಅಲ್ಲಿಗೆ ಮ್ಯಾಕ್ಸ್ ಬಾರ್ನ್ ಬಂದರು. ಕ್ವಾಂಟಂ ಭೌತಶಾಸ್ತ್ರದ ಘಟಾನುಘಟಿ. ಯೆಹೂದಿ ಎಂಬ ಕಾರಣಕ್ಕೆ ಗೋಟಿಂಗೆನ್‌ನ ಹುದ್ದೆ ಕಳೆದುಕೊಂಡಿದ್ದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಬಾರ್ನ್ ಅವರನ್ನು ಕರೆಸಿಕೊಂಡರು. ಬಾರ್ನ್ ಹೆಂಡತಿಯೊಡನೆ ಆ ಚಳಿಗಾಲವನ್ನು ಇಲ್ಲೇ ಕಳೆದರು. ತರುಣ ನಾಗೇಂದ್ರನಾಥ್ ಜೊತೆ ಕೂತು, ಬೆಳಕೆಂದರೆ ನ್ಯೂಟ್ರಿನೋಗಳ ಜೋಡಿಯೇ ಇರಬಹುದೇ ಎಂದು ಲೆಕ್ಕ ಹಾಕಿದರು. ಆ ಊಹೆ ನಿಲ್ಲಲಿಲ್ಲ. ನಿಲ್ಲದಿದ್ದರೇನು? ಹಾಗೆ ಕೂತು ತಲೆ ಕೆಡಿಸಿಕೊಳ್ಳುವುದೇ ವಿದ್ವತ್ತಿನ ವಿನಿಮಯ.

ಅವರನ್ನು ಇಲ್ಲೇ ಉಳಿಸಿಕೊಳ್ಳಲು ರಾಮನ್ ಹಟ ಹಿಡಿದರು. ಪ್ರಾಧ್ಯಾಪಕರ ಸಭೆಯಲ್ಲಿ ಆಂಗ್ಲ ಸಹೋದ್ಯೋಗಿಯೊಬ್ಬರು, ಸ್ವಂತ ದೇಶದಿಂದಲೇ ಹೊರಬಿದ್ದ ಎರಡನೇ ದರ್ಜೆಯವರು ನಮಗೇಕೆ ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು! ಮನೆಗೆ ಹೋಗಿ ಅತ್ತುಬಿಟ್ಟೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನವನ್ನೇ ಬಿಡಬೇಕಾಯಿತು. ಆ 'ಎರಡನೇ ದರ್ಜೆ'ಗೆ 1954ರಲ್ಲಿ ನೊಬೆಲ್ ಬಂತು. ಅಂದಹಾಗೆ, ಹಾಡುಗಾರ್ತಿ ಒಲಿವಿಯಾ ನ್ಯೂಟನ್-ಜಾನ್ ಇದೇ ಬಾರ್ನ್ ಅವರ ಮೊಮ್ಮಗಳು. ಬಾರ್ನ್ ಇಲ್ಲೇ ನಿಂತಿದ್ದರೆ ಮಲ್ಲೇಶ್ವರದ ಸಂಗೀತ ಮೇಷ್ಟ್ರೊಬ್ಬರಿಗೆ ಒಳ್ಳೆಯ ಶಿಷ್ಯೆ ಸಿಗುತ್ತಿದ್ದಳೋ ಏನೋ!

ಉಳಿಯುವುದರ ಬೆಲೆ ಗೊತ್ತಿದ್ದ ಇನ್ನೊಬ್ಬರು ಭೌತವಿಜ್ಞಾನಿ ಅಬ್ದುಸ್ ಸಲಾಂ. ಲಾಹೋರಿನಲ್ಲಿ ಪಾಠ ಹೇಳುತ್ತಿದ್ದಾಗ, ತಮ್ಮ ವಿಷಯ ಮಾತಾಡಲು ಸುತ್ತಮುತ್ತ ಯಾರೂ ಇಲ್ಲದೆ ಒಂಟಿಯಾಗಿ, ಕೊನೆಗೆ ದೇಶ ಬಿಟ್ಟವರು. ಆ ಪಾಡು ಬೇರೆಯವರಿಗೆ ಬರದಿರಲೆಂದು 1964ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಭೌತಶಾಸ್ತ್ರ ಕೇಂದ್ರ ತೆರೆದರು. ಬಡ ದೇಶಗಳ ವಿಜ್ಞಾನಿಗಳು ಆಗಾಗ ಹೋಗಿ, ಕೆಲವು ವಾರವೋ ತಿಂಗಳೋ ಇದ್ದು, ಮತ್ತೆ ತಮ್ಮೂರಿನ ಕೆಲಸಕ್ಕೆ ಮರಳುವ ಏರ್ಪಾಡು ಮಾಡಿದರು. ಊರೂ ಉಳಿಯಿತು, ಓದೂ ಉಳಿಯಿತು.

ಆದ್ದರಿಂದ ಕುಲಸಚಿವರಲ್ಲಿ ನನ್ನದೊಂದು ಅರಿಕೆ: ಮುಂದಿನ ಸಲ ಶಾಲಿನ ಖರ್ಚು ಉಳಿಸಿ, ಅತಿಥಿಗೃಹದ ಗೀಸರ್ ರಿಪೇರಿ ಮಾಡಿಸಿ. ಬಂದವರು ಇನ್ನೊಂದು ತಿಂಗಳು ಇದ್ದಾರು.