ಮುಂದೆ ಮನೆ, ಹಿಂದೆ ಜೀಪು

ಅಮೆರಿಕದ ಹೆದ್ದಾರಿಯಲ್ಲಿ ಬಸ್ಸಿನಂಥ ಮೋಟರ್‌ಹೋಮ್ ಹಿಂದೆ ಡ್ರೈವರೇ ಇಲ್ಲದ ಕಾರೊಂದು ನಾಲ್ಕೂ ಚಕ್ರದ ಮೇಲೆ ಉರುಳಿಕೊಂಡು ಬರುವುದನ್ನು ಮೊದಲ ಸಲ ನೋಡಿದವರಿಗೆ ಎರಡು ಪ್ರಶ್ನೆ ಬಂದೇ ಬರುತ್ತೆ. ಮನೆಯನ್ನೇ ಓಡಿಸಿಕೊಂಡು ಹೋಗುವವರಿಗೆ ಇನ್ನೊಂದು ಕಾರು ಯಾಕೆ? ತಿರುವಿನಲ್ಲಿ ಅದು ಎಲ್ಲೆಲ್ಲೋ ಹೋಗಲ್ವಾ?

ಮೊದಲನೆಯದಕ್ಕೆ ಉತ್ತರ ಇಲ್ಲಿನ ನ್ಯಾಷನಲ್ ಪಾರ್ಕುಗಳಲ್ಲಿದೆ. ಯೂಟಾ ರಾಜ್ಯದ ಜಾಯನ್ ಪಾರ್ಕಿಗೆ ಪೂರ್ವದಿಂದ ಹೋಗುವ ರಸ್ತೆಯಲ್ಲಿ ಬಂಡೆ ಕೊರೆದು ಮಾಡಿದ 1.1 ಮೈಲಿ ಉದ್ದದ ಸುರಂಗ ಇದೆ. ಅದು ಮುಗಿದದ್ದು 1930ರಲ್ಲಿ, ಆಗಿನ ಪುಟ್ಟ ಕಾರುಗಳ ಅಳತೆಗೆ. 11 ಅಡಿ 4 ಇಂಚಿಗಿಂತ ಎತ್ತರದ ಅಥವಾ 7 ಅಡಿ 10 ಇಂಚಿಗಿಂತ ಅಗಲದ ಗಾಡಿ ಅದರಲ್ಲಿ ತನ್ನ ಪಾಡಿಗೆ ತಾನು ಹೋಗೋ ಹಾಗಿಲ್ಲ. ಮೊಂಟಾನಾದ ಗ್ಲೇಸಿಯರ್ ಪಾರ್ಕಿನ ಬೆಟ್ಟದ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನವನ್ನೇ ಬಿಡಲ್ಲ. ನಮ್ಮ ಮೋಟರ್‌ಹೋಮ್ 29 ಅಡಿ. ಅಂದರೆ ಮನೆ ಊರಾಚೆಯ ಕ್ಯಾಂಪಿನಲ್ಲಿ ನಿಲ್ಲಬೇಕು, ನೋಡೋಕೆ ಹೋಗೋದು ಕಾರಿನಲ್ಲಿ.

'ನಮ್ಮ' ಅಂದೆನಲ್ಲ, ಅದು ಮೂವರು ಗೆಳೆಯರು ದುಡ್ಡು ಹಾಕಿ ಕೊಂಡ ಹಳೆಯ ಗಾಡಿ. ಬಾಡಿಗೆ ಗಾಡಿಗಳಿಗೆ ಸಾಮಾನ್ಯವಾಗಿ ಹಿಂದೆ ಕಾರು ಕಟ್ಟಲು ಬಿಡಲ್ಲ. ಬರೀ ಕಾರಿನಲ್ಲಿ ಹೋಗಿ ಮೋಟೆಲಿನಲ್ಲಿ ಉಳಿಯಬಹುದಿತ್ತು, ನಿಜ. ಆದರೆ ಮಂಡ್ಯದಿಂದ ಆರು ತಿಂಗಳಿಗೆ ಅಂತ ಫೀನಿಕ್ಸಿಗೆ ಬಂದಿದ್ದ ಅಪ್ಪ, ಮೊದಲ ಎರಡು ತಿಂಗಳು ಮನೆ ಬಿಟ್ಟು ಕದಲಲಿಲ್ಲ. ಸಕ್ಕರೆ ಕಾಯಿಲೆ, ಮಂಡಿನೋವು. "ಗಂಟೆಗೊಂದ್ಸಲ ಇಳೀಬೇಕು ಕಣ್ಲಾ ನಾನು, ಈ ಮರಳುಗಾಡಲ್ಲಿ ಎಲ್ಲಿ ಇಳೀಲಿ? ನೀವು ಹೋಗ್ಬನ್ನಿ." ಅಪ್ಪ ಬರಲ್ಲ ಅಂದರೆ ಅವ್ವನೂ ಬರಲ್ಲ. ಬಾತ್‌ರೂಮು ಜೊತೆಗೇ ಬಂದರೆ ಆ ನೆಪ ಇರಲ್ಲ ಅನ್ನೋದು ನನ್ನ ಹೆಂಡತಿಯ ಲೆಕ್ಕ.

ಎಲ್ಲ ಕಾರನ್ನೂ ಹೀಗೆ ಎಳೆಯಲು ಆಗಲ್ಲ. ಎಷ್ಟೋ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿಗೆ ಆಯಿಲ್ ತಳ್ಳುವ ಪಂಪು ತಿರುಗೋದು ಎಂಜಿನ್ನಿನಿಂದ. ಎಂಜಿನ್ ಆಫ್ ಆಗಿ ಚಕ್ರ ಮಾತ್ರ ತಿರುಗಿದರೆ ಒಳಗಿನ ಭಾಗಗಳು ಆಯಿಲ್ಲಿಲ್ಲದೆ ಸವೆದು ಹೋಗ್ತವೆ. 2014ರವರೆಗಿನ ಹೋಂಡಾ ಸಿಆರ್-ವಿಯನ್ನು ಹೀಗೆ ಎಳೆಯಬಹುದಿತ್ತು. ಮರುವರ್ಷದ ಮಾಡೆಲ್ಲಿಗೆ ಸಿವಿಟಿ ಗೇರ್‌ಬಾಕ್ಸ್ ಬಂತು, ಅಲ್ಲಿಗೆ ಮುಗೀತು. ಜೀಪ್ ರ‍್ಯಾಂಗ್ಲರ್ ಇಷ್ಟು ಜನಪ್ರಿಯ ಆಗಿರೋದು ಅದರ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್ಲಿಗೆ ಹಾಕಬಹುದು ಅನ್ನೋ ಕಾರಣಕ್ಕೆ. ಆಗ ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧವೇ ಇರಲ್ಲ. ನಮ್ಮದೂ ಅದೇ, ಹಳೆಯ ಜೀಪು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಯಾರ ಮಾತನ್ನೂ ನಂಬದೆ ಆ ವರ್ಷದ, ಆ ಮಾಡೆಲ್ಲಿನ ಮ್ಯಾನ್ಯುಯಲ್ ಓದಬೇಕು.

ಕಟ್ಟುವ ಕೆಲಸ ಹೀಗೆ: ಕಾರಿನ ಬಂಪರ್ ಹಿಂದೆ, ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ ಬೇಸ್‌ಪ್ಲೇಟ್ ಇರುತ್ತೆ. ಮೋಟರ್‌ಹೋಮಿನಿಂದ ಟೋ ಬಾರಿನ ಎರಡು ಕೈ ಬಂದು ಅದಕ್ಕೆ ಪಿನ್ನಿನಿಂದ ಸೇರ್ತವೆ. ಕೆಳಗೆ ಎರಡು ಸರಪಳಿ, ಕತ್ತರಿಯಂತೆ ಅಡ್ಡಡ್ಡ. ಬ್ರೇಕ್ ಲೈಟು, ಇಂಡಿಕೇಟರ್ರಿಗೆ ಒಂದು ವೈರು. ಕಾರಿನ ಸ್ಟೇರಿಂಗ್ ಲಾಕ್ ಆಗಿರಬಾರದು. ಮುಂದಿನ ಚಕ್ರ ಎಳೆದ ಕಡೆಗೆ ತಾನೇ ತಿರುಗಬೇಕು. ತಿರುವಿನಲ್ಲಿ ಕಾರು ವಿಧೇಯವಾಗಿ ಹಿಂದೆ ಬರೋದರ ಗುಟ್ಟು ಇಷ್ಟೇ. ಇದನ್ನು ನೋಡಿದ ಅಪ್ಪ ಒಂದೇ ಮಾತಲ್ಲಿ ಮುಗಿಸಿದರು: "ಮೂಕಿ ಕಬ್ಬಿಣದ್ದು ಅಷ್ಟೆ. ಬಂಡಿ ಅದೇಯ."

ಬ್ರೇಕಿನ ವಿಷಯಕ್ಕೆ ಮಾತ್ರ ಬಂಡಿಯ ಲೆಕ್ಕ ಸಾಲದು. ಜೀಪಿನ ತೂಕ ಸುಮಾರು 1,800 ಕೆಜಿ. ಮೋಟರ್‌ಹೋಮಿನ ಬ್ರೇಕು ಇರೋದು ತನ್ನ ತೂಕವನ್ನು ನಿಲ್ಲಿಸೋಕೆ. ಹಿಂದಿನ ಭಾರ ತಳ್ಳುತ್ತಾ ಬರುತ್ತೆ. ಅದಕ್ಕೇ ಕಾರಿನೊಳಗೆ, ಪೆಡಲ್ ಮುಂದೆ ಒಂದು ಡಬ್ಬ ಇಡ್ತಾರೆ. ವೇಗ ತಗ್ಗುತ್ತಿದೆ ಅಂತ ಗೊತ್ತಾದ ಕೂಡಲೇ ಅದು ಪೆಡಲ್ ಒತ್ತುತ್ತೆ. ಕಾರು ಕಳಚಿಕೊಂಡರೆ ಇನ್ನೊಂದು ಕೇಬಲ್ ಕಿತ್ತು ಬಂದು ಬ್ರೇಕ್ ಬೀಳುತ್ತೆ. ಈ ಬಗ್ಗೆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾನೂನು ಏನೇ ಇರಲಿ, ಬ್ರೇಕಿಲ್ಲದೆ ಎಳೆಯೋದು ಹುಚ್ಚುತನ ಅಂತ ನನ್ನ ಅಭಿಪ್ರಾಯ. ಹಿಂದೆ ಸೋಫಾದ ಮೇಲೆ ಅಪ್ಪ ಅವ್ವ ಬೆಲ್ಟ್ ಹಾಕಿ ಕೂತಿರ್ತಾರೆ.

ಎರಡು ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಿದೆವು. ಕಲಿಸಿದವರು ನಿವೃತ್ತ ಲಾರಿ ಡ್ರೈವರ್, ನಮ್ಮ ಬೀದಿಯವರೇ. ಕಟ್ಟಿದ ಮೇಲೆ ನಾನು ನಿಧಾನಕ್ಕೆ ಮುಂದೆ ಹೋಗಬೇಕು. ಹೆಂಡತಿ ಪಕ್ಕದಲ್ಲಿ ನಿಂತು ಟೋ ಬಾರಿನ ಎರಡೂ ಕೈ ಲಾಕ್ ಆದವಾ, ಜೀಪಿನ ನಾಲ್ಕೂ ಚಕ್ರ ಉರುಳ್ತಿದೆಯಾ ನೋಡಿ ಕೂಗಬೇಕು. ತಿರುಗುವಾಗ ಮೂಲೆ ದಾಟಿದ ಮೇಲೇ ಸ್ಟೇರಿಂಗ್ ತಿರುಗಿಸಬೇಕು. ಇವೆಲ್ಲ ಬೇಗ ಕೈಗೆ ಬರುತ್ತೆ. ಬಾರದೇ ಇರೋದು, ಯಾರಿಗೂ ಬಾರದೇ ಇರೋದು, ರಿವರ್ಸ್. ಎರಡು ಅಡಿ ಹಿಂದಕ್ಕೆ ತಳ್ಳಿದರೂ ಜೀಪಿನ ಮುಂದಿನ ಚಕ್ರ ಒಂದು ಬದಿಗೆ ಪೂರ್ತಿ ತಿರುಗಿ, ಕಾರು ಅಡ್ಡಲಾಗಿ, ಟೋ ಬಾರೇ ಬಾಗಬಹುದು. ಕಳಚಬೇಕು, ಬೇರೆ ದಾರಿಯಿಲ್ಲ.

ಹಾಗಾಗಿ ಎಲ್ಲಿಗೆ ನುಗ್ಗುವ ಮೊದಲೂ ಹೊರಗೆ ಬರುವ ದಾರಿ ಕಾಣಬೇಕು. ಪೆಟ್ರೋಲ್ ಬಂಕನ್ನು ಹಿಂದಿನ ರಾತ್ರಿಯೇ ಸ್ಯಾಟಲೈಟ್ ಮ್ಯಾಪಿನಲ್ಲಿ ನೋಡಿ ಆರಿಸಿಕೊಂಡೆವು.

ಮೇ ತಿಂಗಳ ಒಂದು ಗುರುವಾರ ಹೊರಟೆವು. ಫೀನಿಕ್ಸಿನಿಂದ ಫ್ಲಾಗ್‌ಸ್ಟಾಫಿಗೆ ಐ-17 ಹೆದ್ದಾರಿ, ಸುಮಾರು 145 ಮೈಲಿ. 1,100 ಅಡಿ ಎತ್ತರದಿಂದ ಸುಮಾರು 7,000 ಅಡಿಗೆ ಹತ್ತಬೇಕು. ಕಳ್ಳಿಗಿಡದ ಕಾಡು ಮುಗಿದು ಪೈನ್ ಮರಗಳು ಶುರುವಾಗ್ತವೆ. ಬರೀ ಹತ್ತೋದಲ್ಲ, ನಡುವೆ ಕ್ಯಾಂಪ್ ವರ್ಡೆ ಕಡೆಗೆ ಉದ್ದನೆಯ ಇಳಿಜಾರಿದೆ. ಕೆಳಗಿನ ಗೇರಿನಲ್ಲಿ, ಲಾರಿಗಳ ಹಿಂದೆ, ಅವುಗಳಷ್ಟೇ ನಿಧಾನಕ್ಕೆ ಇಳಿದೆವು. ಹಿಂದಿನ ಕ್ಯಾಮೆರಾದಲ್ಲಿ ಜೀಪಿನ ಮೂತಿ ಅಲ್ಲಾಡದೆ ನಿಂತಿತ್ತು. ಅವ್ವನಿಗೆ ಮಾತ್ರ ಬೇಜಾರು: ಅಡುಗೆಮನೆ ಪಕ್ಕದಲ್ಲೇ ಇದ್ದರೂ ಗಾಡಿ ಓಡುವಾಗ ಒಲೆ ಹಚ್ಚೋ ಹಾಗಿಲ್ಲ.

ಫ್ಲಾಗ್‌ಸ್ಟಾಫ್ ದಾಟಿ ಯುಎಸ್-89 ಹಿಡಿದರೆ ಮರಗಳು ಹಠಾತ್ತನೆ ನಿಲ್ತವೆ. ಮುಂದೆ ನವಾಹೊ ಜನರ ಸೀಮೆ, ಕೆಂಪು-ಬೂದು ಪಟ್ಟೆಯ ದಿಬ್ಬಗಳು, ಬಿಸಿಲು. ಅಲ್ಲೇ ಒಂದು ಬಂಕಿನಲ್ಲಿ, ನಾವು ಆರಿಸಿಕೊಂಡಿದ್ದ ಹೊರದಾರಿಗೆ ಅಡ್ಡಲಾಗಿ ಸರಕಿನ ಲಾರಿಯೊಂದು ಬಂದು ನಿಂತಿತು. ಇಳಿಸೋಕೆ ಅರ್ಧ ಗಂಟೆಯಾದರೂ ಬೇಕು ಅಂದರು. ನಮ್ಮ ಹಿಂದೆ ಆಗಲೇ ನಾಲ್ಕು ಕಾರು. ಸರಿ, ಜೀಪು ಕಳಚೋಣ ಅಂತ ಇಳಿದರೆ ಪಿನ್ನು ಬರ್ತಾ ಇಲ್ಲ. ಸುತ್ತಿಗೆಯಲ್ಲಿ ಹೊಡೆದೆ, ಜಪ್ಪಯ್ಯ ಅನ್ನಲಿಲ್ಲ.

ಅಪ್ಪ ಮೆಟ್ಟಿಲು ಹಿಡಿದುಕೊಂಡು ಇಳಿದು ಬಂದರು. ಇಪ್ಪತ್ತು ವರ್ಷ ಟ್ರ್ಯಾಕ್ಟರ್ರಿಗೆ ಎರಡೆರಡು ಟ್ರೈಲರ್ ಕಟ್ಟಿ ಮೈಶುಗರ್ ಕಾರ್ಖಾನೆಗೆ ಕಬ್ಬು ಹೊಡೆದವರು. ಬಗ್ಗಿ ನೋಡಿದರು. "ಬಿಗೀಲಿರೋವಾಗ ಹೊಡುದ್ರೆ ಬಂದದಾ? ಮಗ, ನೀನು ಕಾರೊಳಗೆ ಕೂತು ಸ್ಟೇರಿಂಗ ಅತ್ಲಾಗಿ ಇತ್ಲಾಗಿ ಆಡ್ಸವ್ವ" ಅಂತ ನನ್ನ ಹೆಂಡತಿಗೆ ಹೇಳಿದರು. ಅವಳು ಆಡಿಸಿದಳು, ನಾನು ಬಾನೆಟ್ಟಿಗೆ ಹೆಗಲು ಕೊಟ್ಟು ತಳ್ಳಿದೆ. ಒಂದು ಕ್ಷಣ ಭಾರ ಸಡಿಲವಾಯಿತು ನೋಡಿ, ಪಿನ್ನು ಅಪ್ಪನ ಕೈಗೆ ಬಂತು. ಇಂಥದ್ದು ನಾನು ನೋಡಿದ್ದ ಯಾವ ವಿಡಿಯೊದಲ್ಲೂ ಇರಲಿಲ್ಲ. ಹೆಂಡತಿ ಜೀಪ್ ಓಡಿಸಿದಳು, ನಾನು ಮೋಟರ್‌ಹೋಮ್ ಹಿಂದಕ್ಕೆ ತೆಗೆದೆ. ಮತ್ತೆ ಕಟ್ಟುವಾಗ ಅಪ್ಪ ನನಗೆ ಪಿನ್ನು ಕೊಡಲೇ ಇಲ್ಲ, ತಾವೇ ಹಾಕಿದರು.

ಪೇಜ್ ಊರಿನಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೋಡಿ ("ಕನ್ನಂಬಾಡೀಗಿಂತ ಎತ್ರ, ಆದ್ರೆ ಹಸುರೇ ಇಲ್ವಲ್ಲ"), ಮರುದಿನ ಕನಾಬ್ ತಲುಪಿದೆವು. ಮನೆಯನ್ನು ಕ್ಯಾಂಪಿನಲ್ಲಿ ಬಿಟ್ಟು ಜೀಪಿನಲ್ಲಿ ಜಾಯನ್ನಿಗೆ ಹೋದೆವು. ಜೀಪು ಎತ್ತರ, ಅವ್ವ ಹತ್ತೋಕೆ ಒಂದು ಸ್ಟೂಲು ಜೊತೆಗೇ ಬಂತು. ಸುರಂಗದೊಳಗೆ ಕತ್ತಲು. ಅಲ್ಲಲ್ಲಿ ಬಂಡೆಯಲ್ಲಿ ಕಿಟಕಿ ಕೊರೆದಿದ್ದಾರೆ. ಒಂದು ಕ್ಷಣ ಕೆಂಪು ಕಣಿವೆ ಫಳ್ ಅಂತ ಕಂಡು ಮತ್ತೆ ಕತ್ತಲು. ಪ್ರತಿ ಕಿಟಕಿಗೂ ಅವ್ವ "ನಿಲ್ಸೋ, ನಿಲ್ಸೋ" ಅಂದರು. ಅಲ್ಲಿ ನಿಲ್ಲಿಸೋ ಹಾಗಿಲ್ಲ. ಅದಕ್ಕೆ ಅದೇ ದಾರಿಯಲ್ಲಿ ವಾಪಸ್ ಬಂದು ಇನ್ನೊಮ್ಮೆ ತೋರಿಸಿದೆವು. (ದೊಡ್ಡ ಗಾಡಿಗಳಿಗೆ ಈ ರಸ್ತೆಯ ನಿಯಮ ಬಿಗಿಯಾಗುತ್ತಲೇ ಇದೆ, ಹೋಗೋ ಮುನ್ನ ಪಾರ್ಕಿನ ವೆಬ್‌ಸೈಟ್ ನೋಡಿಕೊಳ್ಳಿ.)

ಭಾನುವಾರ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅಪ್ಪ ಸ್ವೆಟರ್ ಹಾಕಿಕೊಂಡು ಜೀಪಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಎರಡೂ ಪಿನ್ನಿಗೆ ಗ್ರೀಸ್ ಹಚ್ಚಿ ಪೇಪರಿನ ಮೇಲೆ ಇಟ್ಟಿದ್ದರು. "ಗ್ಲೇಸಿಯರ್ ಅಂದ್ಯಲ್ಲ, ಅದು ಇಲ್ಲಿಂದ ಎಷ್ಟು ದೂರ?" ಅಂದರು.