ಹಣಕ್ಕಾಗಿ ಇಪ್ಪತ್ತಾರು

ರೀಮಿಕ್ಸ್ ಎಂಬ ಮಾತು ಕಿವಿಗೆ ಬಿದ್ದರೆ ಮುಖ ಸಿಂಡರಿಸುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಹಳೆಯ ಚಿತ್ರಗೀತೆಯೊಂದಕ್ಕೆ ಡ್ರಮ್ಮಿನ ಬಡಿತ ಜೋಡಿಸಿ, ನಡುನಡುವೆ ಯಾರದೋ ಕೂಗು ಸೇರಿಸಿ, ಗಣಪತಿ ಪೆಂಡಾಲಿನಲ್ಲಿ ಹಾಕುವ ಪದಾರ್ಥವೆಂದೇ ನಾನು ಅದನ್ನು ತಿಳಿದಿದ್ದೆ. ತರಗತಿಯಲ್ಲಿಯೂ ಒಮ್ಮೆ ಈ ಕುರಿತು ಅರ್ಧ ಗಂಟೆ ಉಪದೇಶ ಮಾಡಿದ್ದುಂಟು. ಅಂದು ಅದನ್ನು ಸಹಿಸಿಕೊಂಡವರು ಇದನ್ನು ಓದುತ್ತಿದ್ದರೆ ನಗಲಿ, ಅಡ್ಡಿಯಿಲ್ಲ.

ಕಳೆದ ಯುಗಾದಿಯ ಮರುದಿನ ನನ್ನ ತಮ್ಮನ ಮಗ ಬಂದಿದ್ದ. ಅವನೊಡನೆ ಅವನ ಸಹಪಾಠಿಯೂ ಬಂದಿದ್ದ. ಇಬ್ಬರೂ ನಮ್ಮ ಶಾಲೆಯಲ್ಲಿಯೇ ಓದಿ 1998ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು, ಈಗ ನಲವತ್ತು ದಾಟಿದವರು. ಒಬ್ಬ ಸಾಫ್ಟ್‌ವೇರಿನಲ್ಲಿದ್ದಾನೆ, ಇನ್ನೊಬ್ಬ ಬೆಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಾನೆ. ಇಂಜಿನಿಯರಿಂಗ್ ಓದುವಾಗ ಇಬ್ಬರೂ ಹಣ ಕೂಡಿಸಿ, ಲಂಡನ್ನಿನಿಂದ ಬರುತ್ತಿದ್ದ ಬಂಧುವೊಬ್ಬರ ಕೈಯಲ್ಲಿ ಎರಡು ಸಿ.ಡಿ.ಗಳ ಒಂದು ಸಂಕಲನ ತರಿಸಿಕೊಂಡಿದ್ದರಂತೆ. ಮುಂದೆ ಊರು ಬೇರೆಯಾದಾಗ ಒಬ್ಬೊಬ್ಬರು ಒಂದೊಂದು ಸಿ.ಡಿ. ಇಟ್ಟುಕೊಂಡರು. ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಹಾಗೆ! ಇಂದು ಮೊಬೈಲಿನಲ್ಲಿಯೇ ಎಲ್ಲವೂ ಸಿಗುತ್ತದೆಯಾದರೂ, ಇಬ್ಬರೂ ಸೇರಿದಾಗ ಆ ಎರಡನ್ನೂ ಒಟ್ಟಿಗೆ ಕೇಳುವುದು ಅವರ ವ್ರತ. ಅಂದು ಆ ವ್ರತ ನಮ್ಮ ಹಜಾರದ ಹಳೆಯ ಪ್ಲೇಯರಿನಲ್ಲಿ ನಡೆಯಿತು.

ಆ ಸಂಕಲನ 2003ರಲ್ಲಿ ಇಂಗ್ಲೆಂಡಿನ ವಾರ್ಪ್ ಎಂಬ ಸಂಸ್ಥೆ ಹೊರತಂದದ್ದು. ಮಾಡಿದವನು ರಿಚರ್ಡ್ ಡಿ. ಜೇಮ್ಸ್, 1971ರಲ್ಲಿ ಹುಟ್ಟಿ, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲಿನಲ್ಲಿ ಬೆಳೆದವನು. ಅಭಿಮಾನಿಗಳ ಬಾಯಲ್ಲಿ ಏಫೆಕ್ಸ್ ಟ್ವಿನ್. ವಿದ್ಯುನ್ಮಾನ ಯಂತ್ರಗಳಿಂದ ನಾದ ಹುಟ್ಟಿಸುವುದು ಅವನ ಕಸುಬು. ಬೇರೆ ಕಲಾವಿದರು ತಮ್ಮ ಹಾಡನ್ನು ಕೊಟ್ಟು, ನಿನ್ನ ರೀತಿಯಲ್ಲಿ ಇದನ್ನು ಮಾಡಿಕೊಡು ಎಂದು ಕೇಳುತ್ತಿದ್ದರು. ಅವನು ಹಣ ಪಡೆದು ಮಾಡಿಕೊಡುತ್ತಿದ್ದ. ಜಪಾನಿನ ಬಕ್-ಟಿಕ್ ತಂಡದವರೂ ಜರ್ಮನಿಯ ರ‍್ಯಾಪ್ ಹಾಡುಗಾರರೂ ಅವರಲ್ಲಿದ್ದರು. ಅಂಥವನ್ನೆಲ್ಲ ಒಟ್ಟುಗೂಡಿಸಿದಾಗ ಅದಕ್ಕಿಟ್ಟ ಹೆಸರು '26 ಮಿಕ್ಸಸ್ ಫಾರ್ ಕ್ಯಾಶ್'. ಹಣಕ್ಕಾಗಿ ಮಾಡಿದ ಇಪ್ಪತ್ತಾರು ಮಿಶ್ರಣಗಳು!

ಚರ್ಚೆ ಹೆಸರಿನಿಂದಲೇ ಆರಂಭವಾಯಿತು. ನನ್ನ ವಿದ್ಯಾರ್ಥಿ, "ಇದಕ್ಕಿಂತ ಪ್ರಾಮಾಣಿಕ ಹೆಸರು ಇನ್ನೊಂದಿಲ್ಲ ಸರ್. ದುಡ್ಡಿಗೆ ಮಾಡಿದ್ದು ಅಂತ ಮುಖದ ಮೇಲೇ ಬರೆದಿದ್ದಾನೆ" ಎಂದ. ನನ್ನ ತಮ್ಮನ ಮಗ ಬಿಡಲಿಲ್ಲ. "ಎಲ್ಲಿಯ ಪ್ರಾಮಾಣಿಕತೆ ದೊಡ್ಡಪ್ಪ? ಲೆಕ್ಕವೇ ತಪ್ಪು. ಇಪ್ಪತ್ತಾರರಲ್ಲಿ ನಾಲ್ಕು ಅವನ ಸ್ವಂತದ್ದು, ಬೇರೆಯವರ ಹಾಡು ಇಪ್ಪತ್ತೆರಡೇ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಕನ್ನಡ ಮೇಷ್ಟ್ರು, ಪಂಪನ ಕಡೆಗೆ ಓಡಿದೆ. 941ರ ಸುಮಾರಿಗೆ ವ್ಯಾಸರ ಭಾರತವನ್ನು ಎತ್ತಿಕೊಂಡು, ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಹೊಂದಿಸಿ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿಸಿದವನು ಪಂಪ. ಅದಕ್ಕೆ ಅಗ್ರಹಾರವನ್ನೂ ಪಡೆದ. ಪಡೆದುದನ್ನು ಮುಚ್ಚಿಡಲೂ ಇಲ್ಲ, ಕಾವ್ಯದಲ್ಲಿಯೇ ಹೇಳಿಕೊಂಡ. ಹೀಗೆ ಹೇಳುತ್ತ ಹೇಳುತ್ತ ನನ್ನ ಹಳೆಯ ಉಪದೇಶ ನನ್ನೆದುರೇ ಕುಸಿಯಿತು. ಹುಡುಗರಿಬ್ಬರಿಗೂ ಪರಮಾನಂದ.

ಆಮೇಲೆ ಅವರು ನನಗೆ ಕೆಲವನ್ನು ಕೇಳಿಸಿದರು. ಗೇವಿನ್ ಬ್ರೈಯರ್ಸ್ ಎಂಬ ಇಂಗ್ಲಿಷ್ ಸಂಗೀತಗಾರ 1969ರಲ್ಲಿ ಟೈಟಾನಿಕ್ ಮುಳುಗಿದುದರ ಮೇಲೆ ಒಂದು ಕೃತಿಯನ್ನು ಆರಂಭಿಸಿದ. 1912ರ ಏಪ್ರಿಲ್‌ನ ಆ ರಾತ್ರಿ ಹಡಗು ಮುಳುಗುತ್ತಿದ್ದರೂ ವಾದ್ಯಗಾರರು ನುಡಿಸುತ್ತಲೇ ಇದ್ದರಷ್ಟೆ. ಅವರು ನುಡಿಸಿದ ಪ್ರಾರ್ಥನೆ ನೀರಿನೊಳಗೂ ನಿಲ್ಲದೆ ಅನುರಣಿಸುತ್ತಿದ್ದರೆ ಹೇಗೆ ಕೇಳಿಸೀತು ಎಂಬುದು ಅವನ ಕಲ್ಪನೆ. ಜೇಮ್ಸ್ ಆ ತಂತಿವಾದ್ಯಗಳ ಶೋಕದ ಅಡಿಗೆ ಒಂದು ದೊಡ್ಡ ಡ್ರಮ್ ಇಟ್ಟಿದ್ದಾನೆ. ಇಟ್ಟ ಹೆಸರು, ಟೈಟಾನಿಕ್ಕನ್ನು ಮೇಲೆತ್ತುವುದು ಎಂದು. ನಾನು ಗಣಪತಿ ಪೆಂಡಾಲನ್ನು ನಿರೀಕ್ಷಿಸಿದ್ದೆ. ಆದರೆ ಆ ಬಡಿತ, ಆಳದಲ್ಲಿ ಯಾರೋ ಇನ್ನೂ ಉಸಿರಾಡುತ್ತಿರುವಂತೆ ಕೇಳಿಸಿತು. ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ನನ್ನಾಕೆಯೂ ಸುಣ್ಣದ ಬೆರಳು ಹಾಗೆಯೇ ಹಿಡಿದು ಕೇಳಿದಳು.

ಇನ್ನೊಂದರ ವಂಶವೃಕ್ಷವೇ ಸ್ವಾರಸ್ಯದ್ದು. ಡೇವಿಡ್ ಬೋವಿ 1977ರಲ್ಲಿ ಬರ್ಲಿನ್ ಗೋಡೆಯ ಸಮೀಪದ ಸ್ಟುಡಿಯೋದಲ್ಲಿ 'ಹೀರೋಸ್' ಹಾಡಿದ. ಫಿಲಿಪ್ ಗ್ಲಾಸ್ 1996ರಲ್ಲಿ ಆ ಆಲ್ಬಮ್ಮಿನ ಆಧಾರದ ಮೇಲೆ ಒಂದು ಸಿಂಫನಿ ರಚಿಸಿದ. (ಗಾಂಧೀಜಿಯ ಮೇಲೆ 'ಸತ್ಯಾಗ್ರಹ' ಎಂಬ ಆಪೆರಾ ರಚಿಸಿ ಭಗವದ್ಗೀತೆಯನ್ನು ಸಂಸ್ಕೃತದಲ್ಲಿಯೇ ಹಾಡಿಸಿದವನು ಇವನೇ, 1980ರಲ್ಲಿ ಅದು ಮೊದಲು ರಂಗಕ್ಕೆ ಬಂದಿತು.) ಜೇಮ್ಸ್ ಮಾಡಿದ್ದೇನೆಂದರೆ, ಗ್ಲಾಸನ ವಾದ್ಯವೃಂದದ ಮೇಲೆ ಬೋವಿಯ ಹಳೆಯ ಕಂಠವನ್ನು ತಂದು ಕೂರಿಸಿದ್ದು. ಧ್ವನಿಮುದ್ರಣದವನಿಗೆ ಇದೇ ಸಂಕಲನದ ಶಿಖರ. ತಮ್ಮನ ಮಗನಿಗೆ, ಎರಡು ಒಳ್ಳೆಯ ಮನೆಗಳ ಇಟ್ಟಿಗೆ ಕಿತ್ತು ಕಟ್ಟಿದ ಮೂರನೆಯ ಮನೆ. ನನಗೆ ಆ ಕಂಠ, ತನ್ನ ಮನೆಗೇ ನೆಂಟನಾಗಿ ಬಂದವನಂತೆ ಕಂಡಿತು. ಯಾರ ಪಕ್ಷವನ್ನೂ ವಹಿಸಲಿಲ್ಲ.

ಮಾತು ಕಾವೇರಿದ್ದು ಆ ನಾಲ್ಕು ಸ್ವಂತದವುಗಳ ಬಗ್ಗೆ. ಅವುಗಳಲ್ಲಿ ಎರಡು, ಅಮೆರಿಕದ ನೈನ್ ಇಂಚ್ ನೇಲ್ಸ್ ತಂಡದ 1995ರ ರೀಮಿಕ್ಸ್ ಆಲ್ಬಮ್ಮಿಗಾಗಿ ಕೊಟ್ಟವು. ಅವರ ಹಾಡಿನ ಒಂದು ಚೂರೂ ಅವುಗಳಲ್ಲಿಲ್ಲವಂತೆ. "ಕೇಳಿದ್ದು ಅನುವಾದ, ಕೊಟ್ಟದ್ದು ಸ್ವಂತ ಕವನ. ಇದು ಮೋಸವಲ್ಲವೆ?" ಎಂದು ಒಬ್ಬ. "ಅವರಿಗೆ ಬೇಕಾಗಿದ್ದುದು ಅವನ ಕೈಬರಹ, ಅದು ಸಿಕ್ಕಿತಲ್ಲ" ಎಂದು ಇನ್ನೊಬ್ಬ.

ಇದಕ್ಕೆ ಸೇರಿದಂತೆ ಅಭಿಮಾನಿಗಳಲ್ಲೆಲ್ಲ ಪ್ರಸಿದ್ಧವಾದ ಕಥೆಯೊಂದಿದೆ. ಲೆಮನ್‌ಹೆಡ್ಸ್ ಎಂಬ ತಂಡಕ್ಕೆ ರೀಮಿಕ್ಸ್ ಮಾಡಿಕೊಡಲು ಒಪ್ಪಿ ಜೇಮ್ಸ್ ಮರೆತೇಬಿಟ್ಟನಂತೆ. ಒಯ್ಯಲು ಆಳು ಬಾಗಿಲಿಗೆ ಬಂದು ನಿಂತಾಗ ಒಳಗೆ ಹೋಗಿ, ರಾಶಿಯಲ್ಲಿ ಕೈಗೆ ಸಿಕ್ಕ ಯಾವುದೋ ಟೇಪನ್ನು ತಂದುಕೊಟ್ಟನಂತೆ. ಹುಡುಗರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ನಗು ಬರಲಿಲ್ಲ. ಇದನ್ನು ಬರೆಯಲು ಕುಳಿತದ್ದೂ ಆ ಕಾರಣಕ್ಕೇ.

1997ರಲ್ಲಿ ತಂಗಿಯ ಮದುವೆಯ ಸಾಲ ತಲೆಯ ಮೇಲಿತ್ತು. ಪ್ರಕಾಶಕರೊಬ್ಬರು ಹತ್ತನೆಯ ತರಗತಿಯ ಕನ್ನಡಕ್ಕೆ ಗೈಡು ಬರೆದುಕೊಡಲು ಕೇಳಿದರು. 1,200 ರೂಪಾಯಿ, ಹೆಸರು ಹಾಕುವಂತಿಲ್ಲ, ರಕ್ಷಾಪುಟದ ಮೇಲೆ 'ಅನುಭವಿ ಅಧ್ಯಾಪಕರಿಂದ' ಎಂದಷ್ಟೇ. ಒಂದು ಪದ್ಯದ ಸಾರಾಂಶ ಬರೆಯುವುದನ್ನು ಮುಂದೂಡುತ್ತ ಹೋದೆ. ಒಂದು ಬೆಳಿಗ್ಗೆ ಅವರ ಹುಡುಗ ಸೈಕಲ್ ನಿಲ್ಲಿಸಿ ಬಾಗಿಲಲ್ಲಿ ನಿಂತ. ನಾನು ಒಳಗೆ ಹೋಗಿ ಟ್ರಂಕು ತೆರೆದು, ಬಿ.ಎಡ್. ಓದುವಾಗ ಬೇರೊಂದು ಪದ್ಯಕ್ಕೆ ಸಿದ್ಧಪಡಿಸಿದ್ದ ಎರಡು ಹಾಳೆಗಳನ್ನು ತೆಗೆದು, ತಲೆಬರಹ ತಿದ್ದಿ ಕೊಟ್ಟುಬಿಟ್ಟೆ. ಎರಡರಲ್ಲಿಯೂ ಮಳೆಯ ವರ್ಣನೆಯಿತ್ತು. ಯಾರಿಗೆ ತಿಳಿದೀತು ಎಂದುಕೊಂಡೆ. ಹಣ ಬಂದಿತು, ಖರ್ಚೂ ಆಯಿತು.

ಇಷ್ಟನ್ನು ಆ ಸಂಜೆ ಅವರಿಗೆ ಹೇಳಿದೆ. ತಮ್ಮನ ಮಗ ಪ್ಲೇಯರಿನ ಸದ್ದು ತಗ್ಗಿಸಿದ. ನನ್ನ ವಿದ್ಯಾರ್ಥಿ ಸ್ವಲ್ಪ ಹೊತ್ತು ಬಿಟ್ಟು, "ಆ ಗೈಡು ನನ್ನ ಹತ್ತಿರವೂ ಇತ್ತು ಸರ್" ಎಂದ. "ಆ ಎರಡು ಪುಟ ಪದ್ಯಕ್ಕೆ ಹೊಂದೋದೇ ಇಲ್ವಲ್ಲ ಅಂತ ನಾವು ಮೂರು ಜನ ಸ್ಟಾಫ್ ರೂಮಿಗೆ ಬಂದು ನಿಮ್ಮನ್ನೇ ಕೇಳಿದ್ವಿ. ನೆನಪಿದೆಯಾ?"

ನೆನಪಿತ್ತು. ಅಚ್ಚಿನವರ ತಪ್ಪು, ಗೈಡುಗಳನ್ನು ನಂಬಬೇಡಿ, ಪಾಠ ಓದಿ ಎಂದು ಅಂದು ಗದರಿಸಿ ಕಳಿಸಿದ್ದೆ.

ಅವನು ಮುಂದೇನೂ ಕೇಳಲಿಲ್ಲ. ಕಾಫಿ ಬಂತು. ಪ್ಲೇಯರಿನಲ್ಲಿ ಹೆಸರು ತಿಳಿಯದ ಯಾವುದೋ ಮಿಶ್ರಣ ಸಣ್ಣ ದನಿಯಲ್ಲಿ ನಡೆದೇ ಇತ್ತು. ಏಳು ಗಂಟೆಯ ಬಸ್ಸಿಗೆ ಇಬ್ಬರೂ ಹೊರಟರು.

1998ರ ತಂಡದವರಲ್ಲಿ ಬೇರೆ ಯಾರಿಗಾದರೂ ಆ ಎರಡು ಪುಟಗಳ ನೆನಪಿದ್ದರೆ, ಅದು ಅಚ್ಚಿನವರ ತಪ್ಪಲ್ಲ. ಇನ್ನು, ಎರಡನೆಯ ಸಿ.ಡಿ. ನಮ್ಮ ಪ್ಲೇಯರಿನಲ್ಲಿಯೇ ಉಳಿದುಬಿಟ್ಟಿದೆ. ಯಾರ ಪಾಲಿನದೋ ಅವರು ಬಂದು ತೆಗೆದುಕೊಂಡು ಹೋಗತಕ್ಕದ್ದು. ಬರುವ ಮೊದಲು ಒಂದು ಫೋನ್ ಮಾಡಿದರೆ ಊಟಕ್ಕೂ ಆಗುತ್ತದೆ.