ಹೊಳಪಿಗೂ ಒಂದು ಮಿತಿ

ಇಂಗ್ಲೆಂಡಿನ ವಾಯವ್ಯ ಭಾಗದ ವಿಂಡರ್‌ಮಿಯರ್ ಸರೋವರದ ದಂಡೆಯಲ್ಲಿ, ಬೌನೆಸ್ ಊರಿನ ಬಳಿ, ಹಳೆಯ ದೋಣಿಗಳದೇ ಒಂದು ವಸ್ತುಸಂಗ್ರಹಾಲಯವಿದೆ. 2019ರಲ್ಲಿ ಹೊಸ ಕಟ್ಟಡದಲ್ಲಿ ತೆರೆದ ಇಲ್ಲಿ ದೋಣಿಗಳ ದುರಸ್ತಿಯನ್ನೂ ಪ್ರವಾಸಿಗರು ಕಣ್ಣಾರೆ ನೋಡಬಹುದು.

ಇಲ್ಲಿನ ಉಗಿದೋಣಿಗಳ ಅಜ್ಜಿ ‘ಡಾಲಿ’. 1850ರ ಸುಮಾರಿಗೆ ಹುಟ್ಟಿದ ಈಕೆ 1895ರ ಕಡುಚಳಿಯಲ್ಲಿ ನೆರೆಯ ಅಲ್ಸ್‌ವಾಟರ್ ಸರೋವರದಲ್ಲಿ ಮುಳುಗಿದಳು. ಮೇಲೆತ್ತಿದ್ದು 1962ರಲ್ಲಿ! 67 ವರ್ಷ ನೀರಿನಡಿ ಕಳೆದರೂ ಒಡಲು, ಎಂಜಿನ್ ಉಳಿದಿದ್ದವು.

ಇಂಥ ಹಳೆಯ ದೋಣಿಗಳ ಹಿತ್ತಾಳೆ ಕೊಕ್ಕೆ, ತಿರುಪು, ಬಿಜಾಗರಿಗಳನ್ನು ಕಂಡರೆ ಕನ್ನಡಿಗರ ಕೈ ಹುಣಸೆಹಣ್ಣಿಗಾಗಿ ತಡಕಾಡೀತು. ಆದರೆ ಹಬ್ಬಕ್ಕೆ ದೀಪದ ಕಂಬ ಬೆಳಗಿದಂತೆ ಇವನ್ನು ಬೆಳಗುವಂತಿಲ್ಲ. ತಿಕ್ಕಿದಷ್ಟೂ ಲೋಹ ಸವೆಯುತ್ತದೆ. ತಯಾರಕನ ಹೆಸರು, ಉಳಿಯ ಗುರುತು ಅಳಿಸುತ್ತವೆ. ಹುಳಿ ಹೆಚ್ಚು ಹೊತ್ತು ನಿಂತರೆ ಸತು ಕರಗಿ, ತಾಮ್ರದ ನಸುಗೆಂಪು ಇಣುಕುತ್ತದೆ. ಹಾಗಾಗಿ ಮೊದಲು ಮೆತ್ತನೆಯ ಕುಂಚ, ಸೌಮ್ಯ ಸಾಬೂನಿನ ನೀರು. ತೇವ ಪೂರ್ತಿ ಆರಿದ ಮೇಲೆ ತೆಳುವಾಗಿ ಮೇಣ. ಮಾಸಿದ ಬಣ್ಣ ಇದ್ದರೆ ಇರಲಿ, ಅದು ದೋಣಿಯ ವಯಸ್ಸು.

67 ವರ್ಷಗಳ ನೀರು ಅಳಿಸದೆ ಬಿಟ್ಟದ್ದನ್ನು ಒಂದು ಮಧ್ಯಾಹ್ನದ ಉತ್ಸಾಹ ಅಳಿಸಿಬಿಡಬಲ್ಲದು.